ನಾಯಿ ಕಿವಿ ಕೊಡವುತ್ತಿದ್ದರೆ ಕಾರಣ ಹುಡುಕಿ

ಹೊಲದಲ್ಲೇ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ನಾಯಿ ಅಂದರೆ ಒಬ್ಬ ಆಳು ಇದ್ದ ಹಾಗೆ. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿ ಬರ್ತದೆ. ಕುರಿ ಹಟ್ಟಿಗೆ ತೋಳ ಬರ್ತದೆ. ಬೋರಿನ ಕೇಬಲ್ ಕದಿಯುವವರು ಬರ್ತಾರೆ. ಇದೆಲ್ಲ ಮೊದಲು ಗೊತ್ತಾಗುವುದು ನಾಯಿಯ ಕಿವಿಗೆ. ನಮಗೆ ಕೇಳದ ಸಣ್ಣ ದನಿಯೂ ಅದಕ್ಕೆ ಕೇಳ್ತದೆ. ಹಾಗಿದ್ದೂ ಎತ್ತು ಕುಂಟಿದರೆ ಅದೇ ದಿನ ಗೊರಸು ಎತ್ತಿ ನೋಡುವ ನಾವು, ನಾಯಿ ತಿಂಗಳುಗಟ್ಟಲೆ ಕಿವಿ ಕೆರೆದುಕೊಂಡರೂ 'ನಾಯಿ ಕೆರ್ಕೊಳ್ಳದೆ ಇನ್ನೇನು ಮಾಡ್ತದೆ' ಅಂತ ಸುಮ್ಮನಿರ್ತೀವಿ.

ಕಿವಿ ನೋವು ಸಣ್ಣದಲ್ಲ. ಮೊದಲು ಕೆರೆತ, ಆಮೇಲೆ ಗಾಯ, ಆಮೇಲೆ ಸೋರುವುದು, ಕೊನೆಗೆ ಕಿವುಡು. ಕಿವುಡಾದ ನಾಯಿ ಕಾವಲಿಗೆ ಬರೋದಿಲ್ಲ. ನೋವಿನಿಂದ ಮಕ್ಕಳ ಕೈಗೆ ಬಾಯಿ ಹಾಕಿದರಂತೂ ಊರವರು ಅದಕ್ಕೆ ಹುಚ್ಚು ಅಂತ ದೊಣ್ಣೆ ಹಿಡೀತಾರೆ. ಮೊದಲ ವಾರದಲ್ಲೇ ನೋಡಿದರೆ ಹೆಚ್ಚಿನ ಕಿವಿ ತೊಂದರೆ ಸುಲಭವಾಗಿ ವಾಸಿ ಆಗುವಂಥದ್ದು. ನಾನು ಏಳನೇ ಕ್ಲಾಸು ಓದಿದ ಮಳೆಯಾಶ್ರಿತ ಬೇಸಾಯಗಾರ, ಡಾಕ್ಟರಲ್ಲ. ಹೊಲದಲ್ಲಿ ನಾಯಿ ಸಾಕಿ ಕಂಡದ್ದು, ಪಶುವೈದ್ಯರ ಬಾಯಿಂದ ಕೇಳಿ ತಿಳಿದದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ.

ಎಲ್ಬೋ ಪೈಪಿನಂಥ ಕಿವಿ

ನಮ್ಮ ಕಿವಿಯ ದಾರಿ ಹೆಚ್ಚು ಕಡಿಮೆ ನೇರ. ನಾಯಿಯದು ಹಾಗಲ್ಲ. ಮೇಲಿನಿಂದ ಮೊದಲು ಕೆಳಕ್ಕೆ ಇಳೀತದೆ, ಆಮೇಲೆ ತಿರುಗಿ ಅಡ್ಡಕ್ಕೆ ತಲೆಯ ಒಳಗೆ ಹೋಗ್ತದೆ. ನೀರಿನ ಪೈಪಿಗೆ ಎಲ್ಬೋ ಹಾಕ್ತೀವಲ್ಲ, ಅದೇ ರೀತಿ. ಅಡ್ಡ ಪೈಪಿನ ಕೊನೆಗೆ ಕಿವಿ ತಮಟೆ ಇದೆ.

ಇದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಿಳಿಯೋದು ಸುಲಭ. ಎಲ್ಬೋದಲ್ಲಿ ಕಸ ನಿಲ್ಲುವ ಹಾಗೆ ನಾಯಿ ಕಿವಿಯ ತಿರುವಿನಲ್ಲಿ ಮೇಣ, ನೀರು, ಧೂಳು, ಹುಲ್ಲಿನ ಊಬು ಎಲ್ಲಾ ನಿಲ್ತವೆ. ತನ್ನಷ್ಟಕ್ಕೆ ಆಚೆ ಬರಬೇಕಾದರೆ ಮೇಲಕ್ಕೆ ಹತ್ತಿ ಬರಬೇಕು. ಅದಕ್ಕೇ ನಾಯಿ ತಲೆ ಕೊಡವೋದು. ಕಡ್ಡಿಗೆ ಹತ್ತಿ ಸುತ್ತಿ ಒಳಗೆ ತೂರಿಸಿದರೆ ಕಸ ಹೊರಗೆ ಬರೋದಿಲ್ಲ, ತಿರುವಿನ ಆಚೆಗೆ ದಾಟಿ ಗಟ್ಟಿಯಾಗಿ ಕೂತ್ಕೊಳ್ತದೆ.

ಕಿವಿ ಜೋತುಬಿದ್ದ ನಾಯಿಗಳಲ್ಲಿ ಒಳಗೆ ಗಾಳಿ ಆಡೋದಿಲ್ಲ, ತೇವ ಬೇಗ ಆರೋದಿಲ್ಲ. ನಮ್ಮ ಊರುನಾಯಿಗಳ ನಿಂತ ಕಿವಿಗೆ ಆ ತೊಂದರೆ ಕಡಿಮೆ. ಆದರೆ ನಿಂತ ಕಿವಿಯೊಳಗೆ ಊಬು, ಧೂಳು ನೇರವಾಗಿ ಬೀಳ್ತವೆ. ಮುಧೋಳ ನಾಯಿಯ ಕಿವಿ ಜೋತುಬಿದ್ದದ್ದು, ಹಾಳೆಯೂ ತೆಳು. ಅದು ಜೋರಾಗಿ ತಲೆ ಕೊಡವಿದರೆ ಕಿವಿ ತುದಿ ಗೋಡೆಗೆ, ಕಂಬಕ್ಕೆ ಬಡಿದು ರಕ್ತ ಬರ್ತದೆ.

ಸರಿಯಿರುವ ಕಿವಿ ಹೇಗಿರ್ತದೆ?

ರೋಗ ಗುರುತಿಸಬೇಕಾದರೆ ಮೊದಲು ಚೆನ್ನಾಗಿರುವ ಕಿವಿ ನೋಡಿರಬೇಕು. ಹಗಲು ಬೆಳಕಲ್ಲಿ ಕಿವಿ ಮಡಚಿ ಒಳಗೆ ನೋಡಿ. ತಿಳಿ ಗುಲಾಬಿ ಬಣ್ಣ ಇರ್ತದೆ. ಕಪ್ಪು ಚರ್ಮದ ನಾಯಿಯಾದರೆ ಬೂದು ಬಣ್ಣ. ಸ್ವಲ್ಪ ಮೇಣ ಇದ್ದರೂ ನಾತ ಇರೋದಿಲ್ಲ. ಎರಡೂ ಕಿವಿ ಮುಟ್ಟಿದರೆ ಒಂದೇ ಬಿಸಿ ಇರಬೇಕು. ಬುಡ ಒತ್ತಿದರೆ ನಾಯಿ ಹಾಯಾಗಿ ಕಣ್ಣು ಮುಚ್ಚಬೇಕು, ತಲೆ ಎಳೆದುಕೊಳ್ಳಬಾರದು.

ಕೆಳಗಿನವುಗಳಲ್ಲಿ ಯಾವುದು ಕಂಡರೂ ಕಿವಿ ಪರೀಕ್ಷೆ ಮಾಡಿ:

1. ಪದೇ ಪದೇ ತಲೆ ಕೊಡವುವುದು, ಕಿವಿ ಪಟಪಟ ಬಡಿಯುವುದು.
2. ಹಿಂಗಾಲಿನಿಂದ ಕಿವಿ ಕೆರೆಯುವುದು, ಗೋಡೆಗೆ ನೆಲಕ್ಕೆ ಉಜ್ಜುವುದು.
3. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಡೆಯುವುದು.
4. ಹುಳಿ ನಾತ, ಕೊಳೆತ ನಾತ.
5. ಕಪ್ಪು, ಕಂದು ಅಥವಾ ಹಳದಿ ಕೊಳೆ. ಕಿವಿ ಬುಡದ ಕೂದಲು ಅಂಟಿಕೊಂಡಿರುವುದು.
6. ಕಿವಿ ಕೆಂಪಾಗಿ ಬಿಸಿ ಇರುವುದು, ಊದುವುದು.
7. ತಲೆ ಸವರಲು ಹೋದರೆ ಗುರ್ ಅನ್ನುವುದು.
8. ಕರೆದರೆ ತಿರುಗದೆ ಇರುವುದು. ಒಣ ರೊಟ್ಟಿ ಕಡಿಯಲು ಹಿಂಜರಿಯುವುದು (ಕಿವಿಯ ಒಳಗೆ ನೋವಿದ್ದರೆ ದವಡೆ ತೆರೆದರೂ ನೋಯ್ತದೆ).

ಒಂದು ಕಿವಿಯೋ, ಎರಡು ಕಿವಿಯೋ?

ಪಶುವೈದ್ಯರು ಮೊದಲು ಕೇಳುವ ಪ್ರಶ್ನೆ ಇದು. ನಿನ್ನೆ ಸಂಜೆ ತನಕ ಚೆನ್ನಾಗಿದ್ದ ನಾಯಿ ಇವತ್ತು ಇದ್ದಕ್ಕಿದ್ದಂತೆ ಒಂದೇ ಕಿವಿ ಕೆಳಕ್ಕೆ ಮಾಡಿ ಹುಚ್ಚೆದ್ದು ಕೊಡವುತ್ತಿದ್ದರೆ ಒಳಗೆ ಏನೋ ಹೊಕ್ಕಿದೆ ಅಂತ ಲೆಕ್ಕ. ಊಬು ಇರಬಹುದು, ಉಣ್ಣೆ ಇರಬಹುದು, ಹುಳು ಇರಬಹುದು. ನಿಧಾನವಾಗಿ, ವಾರಗಟ್ಟಲೆ, ಎರಡೂ ಕಿವಿ ಕೆರೆಯುತ್ತಿದ್ದರೆ ನುಸಿ ಅಥವಾ ಚರ್ಮದ ಅಲರ್ಜಿ ಇರುವ ಸಂಭವ ಹೆಚ್ಚು. ಇದು ನೂರಕ್ಕೆ ನೂರು ನಿಯಮ ಅಲ್ಲ. ಆದರೆ ಎಲ್ಲಿಂದ ಹುಡುಕಬೇಕು ಅನ್ನೋದಕ್ಕೆ ದಾರಿ ತೋರಿಸ್ತದೆ.

ಊಬಿನ ಹುಲ್ಲು

ನಮ್ಮ ಬಯಲುಸೀಮೆಯ ಕಾವಲುಗಳಲ್ಲಿ, ಬದುಗಳಲ್ಲಿ ಮಳೆಗಾಲ ಮುಗಿದ ಮೇಲೆ ಊಬಿನ ಹುಲ್ಲು ಬಲಿತು ನಿಲ್ತದೆ. ಕೆಲವು ಕಡೆ ಸೂಜಿ ಹುಲ್ಲು ಅಂತಾರೆ. ಅದರ ಮಧ್ಯೆ ನಡೆದು ಬಂದರೆ ಪಂಚೆಯಲ್ಲೆಲ್ಲ ಚುಚ್ಚಿಕೊಂಡಿರ್ತದೆ. ಕುರಿ ಸಾಕಿದವರಿಗೆ ಇದರ ಕಾಟ ಹೇಳಬೇಕಾಗಿಲ್ಲ, ಉಣ್ಣೆಗೂದಲು ದಾಟಿ ಚರ್ಮಕ್ಕೇ ಇಳೀತದೆ.

ಈ ಬೀಜದ ರಚನೆ ನೋಡಬೇಕು. ತುದಿ ಸೂಜಿಯಂತೆ ಚೂಪು. ಅದರ ಮೇಲೆ ಹಿಮ್ಮುಖವಾಗಿ ಬಿರುಸು ರೋಮ. ಹಿಂದೆ ಉದ್ದ ಬಾಲ, ಹಗ್ಗದ ಹಾಗೆ ಹುರಿ ಹಾಕಿಕೊಂಡಿರ್ತದೆ. ತೇವ ತಾಗಿದರೆ ಹುರಿ ಬಿಚ್ಚಿಕೊಳ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ತದೆ. ಹೀಗೆ ತಿರುಗಿ ತಿರುಗಿ ಬೀಜ ಮಣ್ಣಿನೊಳಗೆ ಇಳೀಬೇಕು ಅಂತ ಪ್ರಕೃತಿ ಮಾಡಿದ ಉಪಾಯ. ಮಣ್ಣಿಗೆ ಮಾಡಿದ ಉಪಾಯ ನಾಯಿಯ ಕಿವಿಯಲ್ಲೂ ನಡೀತದೆ. ಹಿಮ್ಮುಖ ರೋಮ ಇರೋದರಿಂದ ಹಿಂದಕ್ಕೆ ಬರೋದಿಲ್ಲ, ಮುಂದಕ್ಕೇ ಹೋಗ್ತದೆ. ಕಿವಿ ತಮಟೆ ತೂತಾಗುವ ತನಕ ಹೋಗಬಹುದು.

ಊಬು ಕಣ್ಣಿಗೆ ಕಾಣುವಷ್ಟು ಮೇಲೆ ಇದ್ದು, ನಾಯಿ ಅಲ್ಲಾಡದೆ ನಿಂತರೆ ಮೊಂಡು ತುದಿಯ ಚಿಮಟದಿಂದ ಹಿಡಿದು ತೆಗೆಯಬಹುದು. ಕಾಣದಿದ್ದರೆ ಕೈ ಹಾಕಬೇಡಿ. ಡಾಕ್ಟರು ಬೆಳಕಿನ ಕೊಳವೆ ಇಟ್ಟು ನೋಡಿ, ಬೇಕಾದರೆ ಮತ್ತು ಬರಿಸಿ, ಉದ್ದ ಚಿಮಟದಿಂದ ತೆಗೀತಾರೆ. ಐದು ನಿಮಿಷದ ಕೆಲಸ. ಹಾಗೇ ಬಿಟ್ಟರೆ ಒಂದೆರಡು ದಿನ ನಾಯಿ ಸುಮ್ಮನಾದ ಹಾಗೆ ಕಾಣ್ತದೆ. ವಾಸಿ ಆಯ್ತು ಅಂತ ತಿಳೀಬಾರದು. ಒಳಗೆ ಕೀವು ಆಗಿ ಆಮೇಲೆ ಸೋರೋಕೆ ಶುರು ಆಗ್ತದೆ.

ಉಣ್ಣೆ

ನಾಯಿ ಉಣ್ಣೆಗೆ ಇಷ್ಟವಾದ ಜಾಗಗಳು ಕಿವಿಯ ಒಳಮಡಿಕೆ, ಕತ್ತು, ಕಾಲ್ಬೆರಳ ಸಂದಿ. ರಕ್ತ ಕುಡಿದು ಊದಿದ ಉಣ್ಣೆ ಹರಳು ಬೀಜದ ಹಾಗೆ ಕಾಣ್ತದೆ. ಮರಿಗಳು ಎಳ್ಳಿಗಿಂತ ಸಣ್ಣ, ಬೆರಳಾಡಿಸಿದರೇ ಗೊತ್ತಾಗೋದು.

ತೆಗೆಯುವ ಕ್ರಮ ಹೀಗೆ: ಚಿಮಟದಿಂದ ಚರ್ಮದ ಹತ್ತಿರವೇ ಉಣ್ಣೆಯ ಬಾಯಿಯ ಭಾಗ ಹಿಡಿದು, ತಿರುಚದೆ, ನೇರಕ್ಕೆ ನಿಧಾನವಾಗಿ ಎಳೆಯಿರಿ. ಹೊಟ್ಟೆ ಹಿಡಿದು ಹಿಚುಕಬಾರದು. ಬೀಡಿ ತುದಿಯಿಂದ ಸುಡುವುದೂ ಬೇಡ. ತೆಗೆದದ್ದನ್ನು ಸೋಪಿನ ನೀರಿಗೋ ಬೆಂಕಿಗೋ ಹಾಕಿ. ಉಗುರಿನಲ್ಲಿ ಕುಟ್ಟಿದರೆ ಅದರ ರಕ್ತ ಕೈಯ ಗಾಯಕ್ಕೆ ತಾಗ್ತದೆ. ಕೆಲಸ ಆದ ಮೇಲೆ ಕೈ ತೊಳೆಯಿರಿ.

ದನದ ಉಣ್ಣೆ ಬೇರೆ, ನಾಯಿ ಉಣ್ಣೆ ಬೇರೆ. ನಾಯಿಯ ಕಂದು ಉಣ್ಣೆ ರಕ್ತ ಕುಡಿದು ಕೆಳಗೆ ಬಿದ್ದು ಗೋಡೆಯ ಬಿರುಕು, ಕಲ್ಲಿನ ಸಂದಿ, ನಾಯಿ ಮಲಗುವ ಗೋಣಿಚೀಲದ ಮಡಿಕೆಯಲ್ಲಿ ಮೊಟ್ಟೆ ಇಡ್ತದೆ. ಒಂದೊಂದು ಉಣ್ಣೆ ಸಾವಿರಾರು ಮೊಟ್ಟೆ. ಅದಕ್ಕೇ ನಾಯಿ ಮೈ ಎಷ್ಟು ಸ್ವಚ್ಛ ಮಾಡಿದರೂ ಎಂಟು ದಿನಕ್ಕೆ ಮತ್ತೆ ಹತ್ತಿಕೊಳ್ತದೆ. ಗೋಡೆ ಬಿರುಕು ಮುಚ್ಚಿ ಸುಣ್ಣ ಹೊಡೆಯಿರಿ. ಹಳೇ ಗೋಣಿ ಸುಟ್ಟುಬಿಡಿ. ಮಲಗುವ ಜಾಗ ಬಿಸಿಲು ಬೀಳುವ ಹಾಗೆ ಬದಲಿಸಿ.

ಉಣ್ಣೆಯಿಂದ ಜ್ವರವೂ ಬರ್ತದೆ. ನಾಯಿ ಮೇವು ಬಿಟ್ಟು ಮಂಕಾಗಿ, ಒಸಡು ಬಿಳುಚಿ, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬಂದರೆ ಅದು ಉಣ್ಣೆ ಜ್ವರ ಇರಬಹುದು. ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಿವಿ ನುಸಿ

ಇದು ಮರಿಗಳಲ್ಲಿ, ಬೆಕ್ಕುಗಳಲ್ಲಿ ಹೆಚ್ಚು. ಕಿವಿ ತುಂಬ ಕಾಫಿ ಚರಟದ ಹಾಗೆ ಒಣ ಕಪ್ಪು ಕೊಳೆ, ತಡೆಯಲಾರದ ಕೆರೆತ. ಸ್ವಲ್ಪ ಕೊಳೆ ತೆಗೆದು ಕಪ್ಪು ಕಾಗದದ ಮೇಲೆ ಹಾಕಿ ಬಿಸಿಲಲ್ಲಿ ಹತ್ತಿರದಿಂದ ನೋಡಿ. ಸಣ್ಣ ಬಿಳಿ ಚುಕ್ಕಿಗಳು ಹರಿದಾಡುವುದು ಕಂಡರೆ ಅದೇ ನುಸಿ. ಮಕ್ಕಳ ಹತ್ತಿರ ಭೂತಗನ್ನಡಿ ಇದ್ದರೆ ಇನ್ನೂ ಚೆನ್ನಾಗಿ ಕಾಣ್ತದೆ.

ನುಸಿ ಒಂದರಿಂದ ಇನ್ನೊಂದಕ್ಕೆ ಅಂಟುವಂಥದ್ದು. ಮನೆಯಲ್ಲಿ ಮೂರು ನಾಯಿ, ಒಂದು ಬೆಕ್ಕು ಇದ್ದರೆ ನಾಲ್ಕಕ್ಕೂ ಒಟ್ಟಿಗೇ ಔಷಧಿ ಆಗಬೇಕು. ಮೊಟ್ಟೆಯಿಂದ ದೊಡ್ಡದಾಗಲು ಸುಮಾರು ಮೂರು ವಾರ ಬೇಕು. ಕಿವಿಗೆ ಹಾಕುವ ಔಷಧಿ ಮೊಟ್ಟೆಯನ್ನು ಕೊಲ್ಲೋದಿಲ್ಲ. ಹಾಗಾಗಿ ನಾಲ್ಕು ದಿನ ಹಾಕಿ ಬಿಟ್ಟರೆ ಉಳಿದ ಮೊಟ್ಟೆ ಒಡೆದು ಮತ್ತೆ ಮೊದಲಿನಂತೆಯೇ. ಡಾಕ್ಟರು ಹೇಳಿದಷ್ಟು ದಿನ ಪೂರಾ ಮಾಡಬೇಕು.

ಈಗ ನುಂಗಿಸುವ ಮಾತ್ರೆಗಳೂ ಬಂದಿವೆ. ಅಫಾಕ್ಸೊಲಾನರ್ ಅನ್ನುವುದು ತಿಂಗಳಿಗೊಮ್ಮೆ, ಫ್ಲುರಲಾನರ್ ಅನ್ನುವುದು ಸುಮಾರು ಮೂರು ತಿಂಗಳಿಗೊಮ್ಮೆ. ಉಣ್ಣೆ, ಚಿಗಟಕ್ಕೆಂದು ಬಂದವು, ನುಸಿಗೂ ಕೆಲಸ ಮಾಡ್ತವೆ. ಬೆಲೆ ಜಾಸ್ತಿ. ನಾಯಿಯ ತೂಕದ ಲೆಕ್ಕದಲ್ಲಿ ಕೊಡಬೇಕು. ಫಿಟ್ಸ್ ಬರುವ ನಾಯಿ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು.

ಸೋರುವ ಕಿವಿ

ಕಂದು ಬಣ್ಣದ ಜಿಗುಟು ಮೇಣ, ಹುಳಿ ಹಿಟ್ಟಿನ ನಾತ ಇದ್ದರೆ ಸಾಮಾನ್ಯವಾಗಿ ಯೀಸ್ಟ್ ಎಂಬ ಬೂಸ್ಟಿನ ಜಾತಿ. ಹಳದಿ ಅಥವಾ ಹಸಿರು ಕೀವು, ಕೊಳೆತ ನಾತ ಇದ್ದರೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ. ಎರಡೂ ಒಟ್ಟಿಗೇ ಇರುವುದೂ ಉಂಟು. ಡಾಕ್ಟರು ಕಡ್ಡಿಯಲ್ಲಿ ಸ್ವಲ್ಪ ಕೊಳೆ ತೆಗೆದು ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದು ಅಂತ ತಿಳೀತದೆ. ಬೂಸ್ಟಿಗೆ ಬ್ಯಾಕ್ಟೀರಿಯಾದ ಔಷಧಿ ಹಾಕಿದರೆ ಉಪಯೋಗ ಇಲ್ಲ. ಪಕ್ಕದ ಮನೆ ನಾಯಿಗೆ ಕೊಟ್ಟ ಡ್ರಾಪ್ಸ್ ತಂದು ಹಾಕಬೇಡಿ ಅನ್ನೋದು ಇದಕ್ಕೇ.

ಇಲ್ಲಿ ಇನ್ನೊಂದು ಮಾತು. ಬೂಸ್ಟು, ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಮೊದಲ ಕಾರಣ ಅಲ್ಲ, ಆಮೇಲೆ ಬಂದು ಸೇರಿಕೊಂಡವು. ಮೊದಲ ಕಾರಣ ಊಬು, ನುಸಿ, ಒಳಗೆ ನಿಂತ ನೀರು ಅಥವಾ ಅಲರ್ಜಿ. ಬೆಳೆಯಲ್ಲೂ ಹೀಗೇ. ನೀರು ನಿಂತು ಬೇರು ಕೊಳೆಯುತ್ತಿದ್ದರೆ ಔಷಧಿ ಹೊಡೆದು ಎಷ್ಟು ದಿನ ನಡೀತದೆ? ಬಸಿಗಾಲುವೆ ತೆಗೀಬೇಕು. ವರ್ಷದಲ್ಲಿ ಮೂರು ನಾಲ್ಕು ಸಲ ಕಿವಿ ಸೋರುವ ನಾಯಿ ಕಾಲು ನೆಕ್ಕುತ್ತಾ, ಹೊಟ್ಟೆ ಕೆರೆಯುತ್ತಾ ಇದ್ದರೆ ಅದಕ್ಕೆ ಚರ್ಮದ ಅಲರ್ಜಿ ಇದೆ ಅಂತ ಅನುಮಾನ ಪಡಬೇಕು. ಚಿಗಟ, ಧೂಳು, ಕೆಲವು ಸಲ ಆಹಾರವೂ ಕಾರಣ ಆಗಬಹುದು.

ಸೋರುವ ಕಿವಿ ಬಿಟ್ಟರೆ ಒಳಗಿವಿಗೆ ಹತ್ತಿಕೊಳ್ತದೆ. ಆಗ ನಾಯಿ ತಲೆ ವಾರೆ ಮಾಡಿ, ಕುಡಿದವರ ಹಾಗೆ ತೂರಾಡ್ತದೆ, ಒಂದೇ ಕಡೆ ಸುತ್ತು ಹಾಕ್ತದೆ. ಅಲ್ಲಿಗೆ ಹೋದ ಮೇಲೆ ಗುಣ ಆದರೂ ಕೇಳಿಸುವುದು ಪೂರಾ ವಾಪಸ್ ಬರುತ್ತದೆಂಬ ಭರವಸೆ ಇಲ್ಲ.

ನೊಣ ಮತ್ತು ಹುಳ

ಕಚ್ಚುವ ನೊಣಗಳು ನಿಂತ ಕಿವಿಯ ತುದಿಯನ್ನೇ ಆರಿಸಿಕೊಳ್ತವೆ. ತುದಿಯಲ್ಲಿ ಕಪ್ಪು ಹಕ್ಕಳೆ, ರಕ್ತ. ತಿಪ್ಪೆ ಪಕ್ಕ ಕಟ್ಟಿದ ನಾಯಿಗೆ ಇದು ಜಾಸ್ತಿ. ಮೊದಲು ನಾಯಿ ಕಟ್ಟುವ ಜಾಗ ಬದಲಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಹಕ್ಕಳೆ ನೆನೆಸಿ ತೆಗೆದು ಒಣಗಿಸಿ. ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೇವಿನೆಣ್ಣೆ ಬೆರೆಸಿ ಕಿವಿಯ ಹೊರ ಅಂಚಿಗೆ ತೆಳ್ಳಗೆ ಸವರಿದರೆ ನೊಣ ಹತ್ತಿರ ಬರೋದು ಕಡಿಮೆ ಆಗ್ತದೆ. ಕಿವಿ ಒಳಗೆ ಹಾಕಬಾರದು.

ಗಾಯ ತೆರೆದಿದ್ದರೆ ನೊಣ ಮೊಟ್ಟೆ ಇಟ್ಟು ಒಂದು ದಿನದಲ್ಲೇ ಹುಳ ಆಗ್ತವೆ. ಕಿವಿಯಿಂದ ಕೆಟ್ಟ ನಾತ, ರಕ್ತದ ನೀರು, ಒಳಗೆ ಮಿಸುಕಾಡುವ ಬಿಳಿ ಹುಳ ಕಂಡರೆ ಆ ದಿನವೇ ಆಸ್ಪತ್ರೆ. ಹುಳ ಮಾಂಸ ತಿಂದು ಒಳಕ್ಕೆ ಹೋಗ್ತವೆ. ಗಾಯ ಹೊರಗಿನ ಹಾಳೆಯಲ್ಲಿದ್ದು ಹುಳ ಕಾಣುತ್ತಿದ್ದರೆ ಚಿಮಟದಿಂದ ತೆಗೆದು ಉಪ್ಪುನೀರಿನಿಂದ ತೊಳೆದು ಕರೆದೊಯ್ಯಿರಿ. ಕಿವಿ ತೂತಿನೊಳಗೆ ಟರ್ಪೆಂಟೈನ್, ಫಿನಾಯಿಲ್ ಸುರಿಯುವುದು ಬೇಡವೇ ಬೇಡ.

ಕಿವಿ ಹಾಳೆ ಊದಿದರೆ

ಜೋರಾಗಿ ಕೊಡವಿ ಕೊಡವಿ ಕಿವಿ ಹಾಳೆಯೊಳಗಿನ ಸಣ್ಣ ರಕ್ತನಾಳ ಒಡೆದು ರಕ್ತ ತುಂಬಿಕೊಳ್ತದೆ. ನೋಡಲು ಕಿವಿ ಹೋಳಿಗೆಯ ಹಾಗೆ ಉಬ್ಬಿ, ಮೆತ್ತಗೆ, ಬಿಸಿಯಾಗಿರ್ತದೆ. ಮನೆಯಲ್ಲಿ ಸೂಜಿ ಚುಚ್ಚಬೇಡಿ. ಮತ್ತೆ ತುಂಬಿಕೊಳ್ತದೆ, ಕೀವೂ ಆಗಬಹುದು. ಡಾಕ್ಟರು ರಕ್ತ ತೆಗೆದು ಹೊಲಿಗೆ ಹಾಕಿ ಅಥವಾ ಪಟ್ಟಿ ಕಟ್ಟಿ ಸರಿ ಮಾಡ್ತಾರೆ. ಸುಮ್ಮನೆ ಬಿಟ್ಟರೆ ತಾನೇ ಇಂಗಿದರೂ ಕಿವಿ ಮುದುಡಿ ಒಣಗಿದ ಎಲೆಯ ಹಾಗೆ ಆಗ್ತದೆ. ಕೊಡವಿದ್ದು ಯಾಕೆ ಅನ್ನೋದನ್ನು ಕಂಡುಹಿಡಿಯದೆ ಬರೀ ಊತಕ್ಕೆ ಔಷಧಿ ಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಕಿವಿ ಸ್ವಚ್ಛ ಮಾಡುವ ಕ್ರಮ

ಚೆನ್ನಾಗಿರುವ ಕಿವಿಯನ್ನು ದಿನಾ ತೊಳೆಯುವುದು ಬೇಡ. ಅದರಿಂದಲೇ ತೊಂದರೆ ಬರ್ತದೆ. ಕೊಳೆ ಇದ್ದರೆ ಮಾತ್ರ ಮಾಡಿ. ತುಂಬಾ ನೋವಿದ್ದರೆ, ರಕ್ತ ಕೀವು ಇದ್ದರೆ, ತಲೆ ವಾಲಿದ್ದರೆ ಮನೆಯಲ್ಲಿ ಏನೂ ಒಳಗೆ ಹಾಕಬೇಡಿ. ಕಿವಿ ತಮಟೆ ಒಡೆದಿದ್ದರೆ ಕೆಲವು ಔಷಧಿಗಳೇ ನಾಯಿಯನ್ನು ಕಿವುಡು ಮಾಡ್ತವೆ. ತಮಟೆ ಸರಿಯಿದೆಯೋ ಅಂತ ಡಾಕ್ಟರು ನೋಡಿಯೇ ಹೇಳಬೇಕು.

ಸಾಧಾರಣ ಕೊಳೆಗೆ ಹೀಗೆ ಮಾಡಿ. ನಾಯಿಯ ಪರಿಚಯದವರು ಒಬ್ಬರು ಹಿಡಿದುಕೊಳ್ಳಲಿ. ಮೆತ್ತನೆ ಬಟ್ಟೆಯ ಪಟ್ಟಿಯನ್ನು ಮೂತಿಗೆ ಒಂದು ಸುತ್ತು ಹಾಕಿ, ದವಡೆ ಕೆಳಗೆ ದಾಟಿಸಿ, ಕಿವಿಯ ಹಿಂದೆ ಕತ್ತಿನ ಮೇಲೆ ಕಟ್ಟಿ. ಗಂಟು ಎಳೆದರೆ ಬಿಚ್ಚುವ ಹಾಗಿರಲಿ. ನಾಯಿ ಬಾಯಿ ತೆರೆದು ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳೋದು, ಆದ್ದರಿಂದ ಬಿಸಿಲಲ್ಲಿ ಕಟ್ಟಬೇಡಿ, ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ.

ಪಶು ಔಷಧಿ ಅಂಗಡಿಯಲ್ಲಿ ನಾಯಿ ಕಿವಿಗೆಂದೇ ತೊಳೆಯುವ ದ್ರಾವಣ ಸಿಗ್ತದೆ. ಸಿಗದಿದ್ದರೆ ಮೆಡಿಕಲ್ ಅಂಗಡಿಯ ನಾರ್ಮಲ್ ಸಲೈನ್ ಆಗ್ತದೆ. ತಣ್ಣಗಿದ್ದರೆ ಬಾಟಲಿಯನ್ನು ಕೈಯಲ್ಲಿ ಹಿಡಿದು ಮೈಬಿಸಿಗೆ ತನ್ನಿ. ಕಿವಿ ಮೇಲಕ್ಕೆತ್ತಿ ಒಳಗೆ ಸ್ವಲ್ಪ ಬಿಟ್ಟು, ಕಿವಿ ಬುಡವನ್ನು ಹೊರಗಿನಿಂದ ಅರ್ಧ ನಿಮಿಷ ಮೆಲ್ಲಗೆ ತಿಕ್ಕಿ. ಪಿಚಪಿಚ ಸದ್ದು ಬರಬೇಕು. ಆಮೇಲೆ ಕೈ ಬಿಡಿ. ನಾಯಿ ತಾನೇ ಕೊಡವಿ ಕೊಳೆಯನ್ನು ಮೇಲೆ ತರ್ತದೆ (ನೀವು ಸ್ವಲ್ಪ ದೂರ ನಿಲ್ಲಿ, ಅಂಗಿ ಹಾಳಾದೀತು). ಬೆರಳಿಗೆ ಹತ್ತಿ ಅಥವಾ ಮೆತ್ತನೆ ಬಟ್ಟೆ ಸುತ್ತಿ ಬೆರಳು ಹೋಗುವಷ್ಟೇ ಒರೆಸಿ. ಕೊಳೆ ಬರೋದು ನಿಂತ ಮೇಲೆ ಒಣಗಿಸಿ. ಡ್ರಾಪ್ಸ್ ಇದ್ದರೆ ಹತ್ತು ನಿಮಿಷ ಬಿಟ್ಟು ಹಾಕಿ, ಮತ್ತೆ ಬುಡ ತಿಕ್ಕಿ. ಒಂದು ಚೂರು ರೊಟ್ಟಿ ಬೆಲ್ಲ ಕೊಟ್ಟರೆ ಮುಂದಿನ ಸಲ ಓಡಿಹೋಗೋದಿಲ್ಲ.

ಮಾಡಬಾರದ ಕೆಲಸಗಳು

ಸೀಮೆಎಣ್ಣೆ, ಡೀಸೆಲ್, ಫಿನಾಯಿಲ್, ಸುಣ್ಣದ ತಿಳಿ, ಹೊಗೆಸೊಪ್ಪಿನ ಕಷಾಯ ಇವನ್ನೆಲ್ಲ ಕಿವಿಗೆ ಸುರಿಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಒಳಗಿನ ಚರ್ಮ ಸುಟ್ಟು ನಾಯಿ ಕಿವುಡಾಗ್ತದೆ. ಹೊಗೆಸೊಪ್ಪಿನ ನೀರು ನೆಕ್ಕಿದರೆ ಜೀವಕ್ಕೇ ಅಪಾಯ.

ಬೆಳೆಗೆ ಹೊಡೆಯುವ ಔಷಧಿಯನ್ನು ನಾಯಿಗೆ ಬಳಸಬೇಡಿ. ದನದ ಉಣ್ಣೆಗೆ ತಂದ ಔಷಧಿಯನ್ನೂ ಅಂದಾಜಿನಲ್ಲಿ ನಾಯಿಗೆ ಹಚ್ಚಬೇಡಿ. ನಾಯಿ ಮೈ ನೆಕ್ಕಿಕೊಳ್ತದೆ, ವಿಷ ಹೊಟ್ಟೆಗೆ ಹೋಗ್ತದೆ. ಬೆಕ್ಕಿಗಂತೂ ಸೈಪರ್‌ಮೆತ್ರಿನ್, ಪರ್‌ಮೆತ್ರಿನ್ ಜಾತಿಯ ಔಷಧಿ ಪ್ರಾಣಾಂತಿಕ.

ಕುರಿಗೆ ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ನಾಯಿಗೂ ಕೊಡುವವರಿದ್ದಾರೆ. ದನದ ಔಷಧಿ ನಾಯಿಗೆ ಬಹಳ ಗಟ್ಟಿ, ಒಂದೆರಡು ತೊಟ್ಟು ಹೆಚ್ಚಾದರೂ ಲೆಕ್ಕ ತಪ್ತದೆ. ಕಾಲಿ ಜಾತಿಯ ನಾಯಿಗಳಿಗೆ, ಆ ರಕ್ತ ಬೆರೆತವಕ್ಕೆ ಇದು ಮಿದುಳಿಗೆ ಏರಿ ಸಾಯುವುದೂ ಉಂಟು. ಕೊಡುವುದಿದ್ದರೆ ತೂಕ ನೋಡಿ ಡಾಕ್ಟರೇ ಕೊಡಬೇಕು.

ಉಣ್ಣೆ ಕೂರಬಾರದು, ಜಗಳದಲ್ಲಿ ಹಿಡಿ ಸಿಗಬಾರದು ಅಂತ ಮರಿಯ ಕಿವಿ ಕತ್ತರಿಸುವುದನ್ನೂ ನೋಡಿದ್ದೇನೆ. ಕಿವಿ ಹಾಳೆ ಒಳದಾರಿಗೆ ಒಂದು ಚಾವಣಿ. ಅದನ್ನು ಕತ್ತರಿಸಿದರೆ ಮಳೆ, ಧೂಳು, ನೊಣ ನೇರ ಒಳಗೆ. ಪ್ರಾಣಿಯ ಅಂಗಛೇದನ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ದೊಣ್ಣೆ ಎತ್ತುವ ಮೊದಲು

ನಮ್ಮ ಪಕ್ಕದ ಹಟ್ಟಿಯಲ್ಲಿ ನಡೆದದ್ದು. ಕುರಿಗಾಹಿಯೊಬ್ಬನ ನಾಯಿ, ಆರು ವರ್ಷದ್ದು, ಯಾರಿಗೂ ಬಾಯಿ ಹಾಕಿದ್ದಲ್ಲ. ದೀಪಾವಳಿ ಕಳೆದ ಮೇಲೆ ಒಂದಿನ ಒಂಟಿ ಕೂತು ತಲೆ ಒದರ್ತಾ ಇತ್ತು. ಹುಡುಗನೊಬ್ಬ ಆಟಕ್ಕೆ ಅದರ ಕಿವಿ ಹಿಡಿದ, ಕೈಗೆ ಬಾಯಿ ಹಾಕಿತು. ಹುಚ್ಚು ಹಿಡಿದಿದೆ ಅಂತ ನಾಲ್ಕೈದು ಜನ ದೊಣ್ಣೆ ತಂದರು. ನಾಯಿ ಯಜಮಾನ ಅಡ್ಡ ನಿಂತು, ಸರಪಳಿ ಹಾಕಿ ಕೊಟ್ಟಿಗೆಗೆ ಕೂಡಿದ. ಹುಡುಗನನ್ನು ಮೊದಲು ಆಸ್ಪತ್ರೆಗೆ ಕಳಿಸಿದರು. ಮಾರನೆ ದಿನ ಪಶುವೈದ್ಯರು ಬಂದು ಮತ್ತು ಬರಿಸಿ ನೋಡಿದರೆ ಬಲಗಿವಿಯ ತಿರುವಿನಲ್ಲಿ ಎರಡು ಊಬು. ತೆಗೆದರು. ಹತ್ತು ದಿನ ಕಟ್ಟಿ ಹಾಕಿ ನೋಡಿದರು. ನಾಯಿ ಊಟ ಮಾಡ್ತಾ ಚೆನ್ನಾಗೇ ಇತ್ತು. ಈಗಲೂ ಅದೇ ಮಂದೆ ಕಾಯ್ತಾ ಇದೆ.

ಇದರಿಂದ 'ಕಚ್ಚಿದರೆ ಏನೂ ಆಗಲ್ಲ' ಅಂತ ಯಾರೂ ತಿಳಿಯಬಾರದು. ಯಾವ ನಾಯಿ ಕಚ್ಚಿದರೂ, ಸಾಕಿದ್ದೇ ಆಗಿರಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು. ನಾಯಿಗೆ ಏನಾಗ್ತದೆ ನೋಡೋಣ ಅಂತ ಕಾಯಬಾರದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಿದ್ದ ಕಾಲ ಹೋಯ್ತು. ಈಗ ತೋಳಿಗೆ ಹಾಕುವ ಕೆಲವೇ ಸೂಜಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗ್ತದೆ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಹಾಕುವ ಇನ್ನೊಂದು ಔಷಧಿಯೂ ಬೇಕಾಗ್ತದೆ. ಹುಚ್ಚು ಒಮ್ಮೆ ಲಕ್ಷಣ ತೋರಿಸಿದ ಮೇಲೆ ಮನುಷ್ಯರೂ ಉಳಿಯೋದು ಇಲ್ಲವೆನ್ನುವಷ್ಟು ಅಪರೂಪ.

ವ್ಯತ್ಯಾಸ ಗೊತ್ತಿರಲಿ. ಕಿವಿ ನೋವಿನ ನಾಯಿ ಕಿವಿಯನ್ನೇ ಕೆರೆಯುತ್ತದೆ, ಯಜಮಾನನ ಗುರುತು ಹಿಡೀತದೆ, ನೀರು ಕುಡಿಯುತ್ತದೆ. ಹುಚ್ಚಿನ ನಾಯಿಯ ಸ್ವಭಾವವೇ ಬದಲಾಗ್ತದೆ, ಕಂಡದ್ದನ್ನೆಲ್ಲ ಕಚ್ಚುತ್ತದೆ ಇಲ್ಲವೇ ಮೂಲೆ ಸೇರುತ್ತದೆ, ದನಿ ಒಡೆಯುತ್ತದೆ, ಜೊಲ್ಲು ಸುರಿಯುತ್ತದೆ, ದವಡೆ ಜೋತುಬೀಳುತ್ತದೆ, ನಡಿಗೆ ತಪ್ಪುತ್ತದೆ. ಇಂಥ ಅನುಮಾನ ಬಂದ ನಾಯಿಯ ಕಿವಿಗೂ ಬಾಯಿಗೂ ಕೈ ಹಾಕಲೇಬೇಡಿ. ದೂರದಿಂದ ಕೂಡಿ ಹಾಕಿ ಪಶುವೈದ್ಯರಿಗೆ ತಿಳಿಸಿ. ನಿಮ್ಮ ನಾಯಿಗೆ ಮೂರು ತಿಂಗಳಿಗೆ ಹುಚ್ಚಿನ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಿ ಚೀಟಿ ಇಟ್ಟುಕೊಂಡಿದ್ದರೆ ಇಂಥ ದಿನ ಬಹಳ ಧೈರ್ಯ. ಕಿವಿ ಮುಟ್ಟುವ ಕೆಲಸಕ್ಕೂ ಅದೇ ಮೊದಲ ರಕ್ಷಣೆ.

ಕಾಲಕ್ಕೆ ತಕ್ಕ ಎಚ್ಚರ

ಮುಂಗಾರಿನಲ್ಲಿ ನಾಯಿ ನೆನೆದು ಬಂದರೆ, ಕೆರೆ ಕೃಷಿಹೊಂಡದಲ್ಲಿ ಈಜಿದರೆ ಒಣಬಟ್ಟೆಯಿಂದ ಕಿವಿ ಒರೆಸಿ. ನೊಣದ ಕಾಲವೂ ಇದೇ. ಶೇಂಗಾ ಕಿತ್ತ ಮೇಲೆ, ಹುಲ್ಲು ಒಣಗುವ ಹೊತ್ತಿಗೆ ಊಬಿನ ಕಾಲ. ಸಂಜೆ ಹೊಲದಿಂದ ಬಂದ ಕೂಡಲೇ ಕಿವಿ, ಕಾಲ್ಬೆರಳ ಸಂದಿ, ಕಣ್ಣು ನೋಡಿ. ಮನೆ ಸುತ್ತಲಿನ, ಕಣದ ಬದುವಿನ ಊಬಿನ ಹುಲ್ಲನ್ನು ತೆನೆ ಬರುವ ಮೊದಲೇ ಕೊಯ್ದರೆ ದನಕ್ಕೆ ಮೇವೂ ಆಯ್ತು, ನಾಯಿಗೂ ಕುರಿಗೂ ಕಾಟ ತಪ್ಪಿತು. ಕಿವಿ ಸುತ್ತ ಉದ್ದ ಕೂದಲಿದ್ದರೆ ಕತ್ತರಿಸಿ. ಬೇಸಿಗೆಯಲ್ಲಿ ಉಣ್ಣೆ ಹೆಚ್ಚು, ಗೋಡೆ ಬಿರುಕು ಮುಚ್ಚುವ ಕೆಲಸ ಯುಗಾದಿಯ ಸುಣ್ಣದ ಜೊತೆಗೇ ಮುಗಿಸಿ.

ಮರಿ ಇದ್ದಾಗಲೇ ವಾರಕ್ಕೊಮ್ಮೆ ಕಿವಿ ಮಡಚಿ ನೋಡಿ, ಬುಡ ತಿಕ್ಕಿ ರೂಢಿ ಮಾಡಿಸಿ. ಹಾಗೆ ಬೆಳೆದ ನಾಯಿ ದೊಡ್ಡದಾದ ಮೇಲೂ ಕಿವಿ ಕೊಡ್ತದೆ. ಇಲ್ಲದಿದ್ದರೆ ಸಣ್ಣ ಉಣ್ಣೆ ತೆಗೆಯೋಕೂ ಮೂವರು ಹಿಡೀಬೇಕು.

ಈ ಕೆಳಗಿನ ಸಂದರ್ಭಗಳಲ್ಲಿ ಮನೆಮದ್ದಿಗೆ ಹೊತ್ತು ಹಾಕದೆ ಡಾಕ್ಟರ ಹತ್ತಿರ ಹೋಗಿ: ಇದ್ದಕ್ಕಿದ್ದಂತೆ ಒಂದೇ ಕಿವಿಯ ತೀವ್ರ ನೋವು, ರಕ್ತ ಅಥವಾ ಕೀವು, ತಲೆ ವಾಲುವುದು, ತೂರಾಡುವುದು, ಕಿವಿ ಹಾಳೆ ಊದುವುದು, ಹುಳ ಬೀಳುವುದು, ಸ್ವಚ್ಛ ಮಾಡಿ ಎರಡು ಮೂರು ದಿನವಾದರೂ ಕೆರೆತ ನಿಲ್ಲದಿರುವುದು. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ನಾಯಿಯನ್ನೂ ನೋಡ್ತಾರೆ. ದೂರ ಇರುವವರು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಹೋಗುವಾಗ ಮೊದಲು ಹಾಕಿದ ಔಷಧಿಯ ಬಾಟಲಿ ತೆಗೆದುಕೊಂಡು ಹೋಗಿ. ಡಾಕ್ಟರು ಹೇಳಿದ ದಿನ ಪೂರ್ತಿ ಮಾಡಿ. ಕೆರೆತ ನಿಂತಿತು ಅಂತ ಅರ್ಧಕ್ಕೆ ಬಿಟ್ಟರೆ ಎರಡನೇ ಸಲ ಅದೇ ಔಷಧಿ ನಾಟೋದಿಲ್ಲ.

ಇವತ್ತು ಸಂಜೆ ರೊಟ್ಟಿ ಹಾಕುವಾಗ ನಿಮ್ಮ ನಾಯಿಯ ಎರಡೂ ಕಿವಿ ಮಡಚಿ, ಒಳಗೆ ನೋಡಿ, ಮೂಸಿ ನೋಡಿ. ಎರಡು ನಿಮಿಷ ಸಾಕು.